ಮೂರನೇ ನಂಬರು

ಬಾಗಲಕೋಟೆಯಿಂದ ಮೊದಲ ಬಸ್ಸಿಗೆ ಬಂದ ದಾವಲಸಾಬ
ನಮ್ಮ ಕಟ್ಟಿ ಮ್ಯಾಲೆ ಡಬ್ಬಿ ಬಿಚ್ಚಿಟ್ಟ.
ಬಿಳಿ ಬಿಳಿ ಪ್ಲಾಸ್ಟಿಕ್ಕು, ಬತ್ತಾಸದ ಹಂಗ.
"ಇದಕ್ಕ ತಂತಿ ಇಲ್ಲ ಬೇ ಯವ್ವಾ," ಅಂದ.

ತಂತಿ ಇಲ್ಲ ಅಂದ್ರ?
ಎಳಿ ಇಲ್ಲದ ಮಗ್ಗ ಯಾವೂರಾಗ ನೇಯ್ತೈತಿ?
ಗುಳೇದಗುಡ್ಡದಾಗ ನಲವತ್ತು ವರ್ಷ ಖಣ ನೇಯ್ದಾಕಿ ನಾನು.
ಎಳಿ ಹರದ್ರ ಬೆರಳಿಗೆ ತಿಳೀತೈತಿ.
ಗಾಳಿ ಹರದ್ರ ಯಾರಿಗೆ?

ಆದರೂ ನಂಬಬೇಕಾತು.
ಹಿಂದಿನ ಓಣ್ಯಾಗ ಎಂಟು ಕೇಜಿ ರೇಷ್ಮಿ ಹೋಗಿತ್ತು, ಲಡಿಗೆ ಲಡಿ.
ನಾಯಿ ಬೊಗಳಲಿಲ್ಲ, ಬಾಡಿಗಿ ಮಂದಿ ಕೆಮ್ಮಲಿಲ್ಲ.
ನನ್ನ ಒಳಕೋಣ್ಯಾಗ ಹನ್ನೊಂದು ಕೇಜಿ.

ಕದಕ್ಕೊಂದು ತುಂಡು, ಚೌಕಟ್ಟಿಗೊಂದು ತುಂಡು ಅಂಟಿಸಿದ.
"ಇವೆರಡೂ ಒಂದಕ್ಕೊಂದು ಎಳೀತಾವು.
ಎರಡು ಬೆರಳು ದೂರ ಆದ್ರ ಸಾಕು, ಕೂಗಾಡ್ತೈತಿ."
ಪಡಸಾಲಿ ಮೂಲ್ಯಾಗ ಒಂದು ಕಣ್ಣು ಕೂಡಿಸಿದ.
ಅದು ಮೈಯ ಬಿಸಿ ನೋಡ್ತೈತೆಂತ,
ಮಾರಿ ನೋಡೂದಿಲ್ಲಂತ.

"ಮೂರು ನಂಬರು ಹೇಳ್ರಿ. ಕಳ್ಳ ಬಂದ್ರ ತಾನ ಹಚ್ಚತೈತಿ."
ಒಂದು, ಠಾಣೆ.
ಎರಡು, ಕೆರೂರಿನ ಅಳಿಯ.
ಅಂವ ಬರೂದ್ರಾಗ ಕಳ್ಳ ಚಾ ಕುಡದು ಬಸಿ ತೊಳದಿಟ್ಟು ಹೋಗಿರ್ತಾನ.
"ಮೂರನೇದು ಹತ್ತರದವರದು ಇರಲಿ."

ಗ್ವಾಡಿ ನೋಡಿದೆ.
ಅದರಾಚೆ ನಿಂಬೆವ್ವ, ನನ್ನ ನೆಗೆಣ್ಣಿ.
ಮಾತು ಬಿಟ್ಟು ಹದಿಮೂರು ವರ್ಷ.
ಪಾಲಿನ್ಯಾಗ ತಾಮ್ರದ ಹಂಡೆ ನನಗ ಬಂತು,
ತವರಿನದು ಅಂದಳು ಆಕಿ, ಮನಿತನದ್ದು ಅಂದೆ ನಾನು.
ಹಂಡೆ ತೂತು ಬಿದ್ದು ಆರು ವರ್ಷಾತು.
ನಮ್ಮವರು ಇದ್ದಾಗ ಆಕೀ ನಂಬರು
ಇದ್ದಲಿಲೆ ಗ್ವಾಡಿಗೆ ಬರೆದಿದ್ರು.
ಪ್ರತಿ ದೀಪಾವಳಿಗೆ ಸುಣ್ಣ ಹಚ್ಚೇನಿ,
ಅಷ್ಟು ಜಾಗ ಬಿಟ್ಟು.

ಓದಿ ಹೇಳಿದೆ.

"ಈಗ ಹತ್ತು ಸೆಕೆಂಡು ಮಾತಾಡ್ರಿ, ತುಂಬಿಕೊಳ್ತೀನಿ."
ಮೊದಲ ಸಲ ಕೆಮ್ಮು ತುಂಬಿತು.
ಎರಡನೇ ಸಲ ನಗು:
ಹಾಸಿನ ಮ್ಯಾಲೆ ಹೊಕ್ಕು ಅಷ್ಟ ಗೊತ್ತಿದ್ದ ಬಾಯಿಗೆ
ಕಳ್ಳರು ಹೊಕ್ಕಾರ ಅನ್ನೂದು ಹೆಂಗ?
ಮೂರನೇ ಸಲ ಒಂದ ಉಸಿರಿಗೆ:
"ನಾ ಕಾಶವ್ವ. ಮನ್ಯಾಗ ಯಾರೋ ಹೊಕ್ಕಾರ. ಬಾ ಯವ್ವಾ."
"ಪೊಲೀಸರಿಗೂ ಇದ ಹೋಗ್ತೈತಿ, ಬರ್ರಿ ಅನ್ರಿ," ಅಂದ ದಾವಲ.
ಹೋಗ್ಲಿ ಬಿಡು ಅಂದೆ.

ಹತ್ತೊಂಬತ್ತು ರಾತ್ರಿ ಸುಮ್ಮನಿತ್ತು.
ಇಪ್ಪತ್ತನೇ ರಾತ್ರಿ ಬೆಳಕಿಂಡಿಯಿಂದ ಬೆಕ್ಕು ಧುಮುಕಿತು,
ಬಿಸಿ ಮೈ ಬೆಕ್ಕು.
ಆಮೇಲೆ ಆ ಕೂಗು!
ಎದಿ ಹಲ್ಲಿನಾಗ ಬಂತು.
ತಲಿದಿಂಬಿನ ಕೆಳಗ ರಿಮೋಟು ಹುಡುಕಿ, ಸಿಕ್ಕದ್ದೆಲ್ಲ ಒತ್ತಿ,
ಬಾಯಿ ಮುಚ್ಚಿಸಿದೆ. ಓಣಿ ಗಪ್ಪು.

ಗ್ವಾಡಿಯಾಚೆ ಫೋನು.
ಒಂದು ಸಲ. ನಾಕು ಸಲ. ನಿಂತಿತು.
ನಿಂಬೆವ್ವನ ಕಿವಿ ಮಂದ ಆಗ್ಯಾವಂತ ಕೇಳಿದ್ದೆ,
ಸ್ಪೀಕರು ಹಚ್ಚೇ ಮಾತಾಡ್ತಾಳಂತ.
ಕೇಳಿತು, ಗ್ವಾಡಿ ತೂರಿ, ನನ್ನ ದನಿ ನನಗ:
ನಾ ಕಾಶವ್ವ.
ಬಾ ಯವ್ವಾ.
ಮತ್ತ ಮೊದಲಿಂದ.
ನಾ ಕಾಶವ್ವ.
ಕತ್ತಲಾಗ ಕುಂತು ಆ ಹೆಣ್ಣುಮಗಳ ಮ್ಯಾಲೆ ನನಗ ನಾಚಿಕಿ ಬಂತು.

ಕದ ಬಡದಳು. ತೆಗೆದೆ.
ಕೈಯಾಗ ಲಟ್ಟಣಿಗಿ, ಬರಿಗಾಲು, ಬಿಚ್ಚಿದ ಕೂದಲ,
ಕೂದಲ ಪೂರಾ ಬೆಳ್ಳಗ.
ಅದನ್ನೂ ನಾ ನೋಡಿರಲಿಲ್ಲ.
ಒಳಗ ಹಣಿಕಿ ಹಾಕಿದಳು.
"ಹಂಡೆ ಹೋತೇನ?"
"ಐತಿ. ತೂತು ಬಿದ್ದೈತಿ."
"ಗೊತ್ತೈತಿ," ಅಂದಳು. "ಸೋರೂ ಸಪ್ಪಳ ಕೇಳತಿತ್ತು,
ಕಿವಿ ಚಲೋ ಇದ್ದಾಗ."

ಆರಕ್ಕ ಠಾಣೆಯಿಂದ ಫೋನು ಬಂತು.
"ಏನವ್ವಾ, ಯಾರು ಹೊಕ್ಕಿದ್ರು?"
"ಬೆಕ್ಕುರೀ."
"ಮತ್ತ?"
ನಿಂಬೆವ್ವ ಒಲಿ ಮುಂದ ಚಾ ಸೋಸತಿದ್ದಳು,
ಬಸಿ ಎಲ್ಲಿಟ್ಟೀನಂತ ಕೇಳದನ.