ನೋಡಿ: ಅಮ್ಮನ ಬುಟ್ಟಿ

ಬಂದರಿನಿಂದ ಬೆಂಗ್ರೆಗೆ ಫೆರಿಯಲ್ಲಿ ಎಂಟು ನಿಮಿಷ.
ತೊಡೆಯ ಮೇಲೆ ಚೀಲ, ಚೀಲದೊಳಗೆ ಸಮುದ್ರ,
ಅಂದರೆ ಅರವತ್ತನಾಲ್ಕು ಪುಟ, ಹೊಳೆಯುವ ಕಾಗದ,
ಐದನೇ ತರಗತಿಗೆ.

ಕತೆಪುಸ್ತಕವಲ್ಲ ಇದು, ಮೊದಲಿಂದಲೇ ಓದಬೇಕಿಲ್ಲ
ಎಂದೆ. ಯಾರೂ ನಂಬಲಿಲ್ಲ.
ಹಿಂಬಾಗಿಲಿಂದಲೂ ಬರಬಹುದು, ಕಿಟಕಿಯಿಂದಲೂ.
ಪರಿವಿಡಿಯೆಂದರೆ ಬಸ್ಸಿನ ಬೋರ್ಡು:
ಎಲ್ಲೆಲ್ಲಿ ನಿಲ್ಲುತ್ತದೆ ನೋಡಿಕೊಂಡು ಹತ್ತಿ.
ದಪ್ಪಕ್ಷರದ ಮಾತು ಕಂಡರೆ
ಅದರ ಅರ್ಥ ಕೊನೆಯ ಪುಟದಲ್ಲಿ ಕಾಯುತ್ತಿದೆ.
ಚಿತ್ರದಡಿಯ ಸಣ್ಣ ಸಾಲು ಬಿಡಬೇಡಿ,
ಚಿತ್ರ ಹೇಳದ್ದನ್ನು ಅದೇ ಹೇಳುವುದು.

ನಕ್ಷೆಯ ಮೂಲೆಯಲ್ಲಿ ಅಳತೆಗೋಲು,
ಒಂದು ಬೆರಳಿಗೆ ನೂರು ಕಿಲೋಮೀಟರ್.
ನೌಫಲ್ ಬೆರಳಿಟ್ಟು ನೋಡಿದ: ಹತ್ತು ದಿನದ ಬೋಟಿನಲ್ಲಿ
ಅವನ ಅಪ್ಪ ಈಗ ಉಗುರಿನ ತುದಿಯ ಹತ್ತಿರ.

ಇಪ್ಪತ್ತೆರಡನೇ ಪುಟದಲ್ಲಿ ಸೀಳಿದ ಮೀನು,
ಬಾಣಗಳು: ಕಿವಿರು, ಗಾಳಿಚೀಲ, ಕರುಳು.
"ಪಿತ್ತ ಎಲ್ಲಿ ಟೀಚರ್?" ಮೋನಿಷಾ ಮೆಂಡನ್ ಎದ್ದಳು.
"ಅದೊಡೆದರೆ ಸಾರೆಲ್ಲ ಕಹಿ."
ಪಿತ್ತಕ್ಕೆ ಬಾಣವಿರಲಿಲ್ಲ.
ತೊವ್ವೆ ತಂಬುಳಿಯ ಮನೆಯವಳು ನಾನು,
ಸುಮ್ಮನೆ ಚಿತ್ರವನ್ನೇ ನೋಡಿದೆ.

ಆಮೇಲೆ ಪದಸೂಚಿ.
ಹೆಸರುಗಳೆಲ್ಲ ಅಕ್ಷರದ ಸಾಲಿನಲ್ಲಿ,
ಒಂದೊಂದರ ಕೈಯಲ್ಲೂ ಪುಟದ ಅಂಕಿ.
ಒಂದರ ಕೈ ಮಾತ್ರ ಖಾಲಿ:
ಕಡಲಕುದುರೆ — ನೋಡಿ: ಕುದುರೆಮೀನು.
"ಹಾಗಂದರೆ?"
ಆ ಹೆಸರಿನವರು ಇಲ್ಲಿಲ್ಲ, ಆಚೆಮನೆಯಲ್ಲಿ ವಿಚಾರಿಸಿ
ಅಂತ ಬಾಗಿಲಿಗೆ ಚೀಟಿ ಅಂಟಿಸಿದ ಹಾಗೆ, ಎಂದೆ.
ಅಷ್ಟರಲ್ಲಿ ಗಂಟೆ, ಬಿಸಿಯೂಟ.

ಮಂಗಳವಾರ ಪುಸ್ತಕ ವಾಪಸು ಬಂತು,
ಅಂಚಿಗೆ ಒಣಮೀನಿನ ವಾಸನೆ.
ಪದಸೂಚಿಯಲ್ಲಿ, ನಕ್ಷತ್ರಮೀನಿಗಿಂತ ಮೇಲೆ
(ಸೊನ್ನೆಯ ಅಕ್ಷರ ಮೊದಲೆಂದು ಗೊತ್ತು ಆ ಹುಡುಗಿಗೆ)
ಪೆನ್ಸಿಲಿನಲ್ಲಿ, ಅಚ್ಚಿನಷ್ಟೇ ಸಣ್ಣಗೆ:
ನಂಗ್ — ನೋಡಿ: ಅಮ್ಮನ ಬುಟ್ಟಿ.

ಪುಸ್ತಕದಲ್ಲಿ ಗೀಚಬಾರದು.
ನಾನೇ ಬರೆದು ಗೋಡೆಗಂಟಿಸಿದ ನಿಯಮ, ಮೂರನೆಯದು.
ರಬ್ಬರ್ ತೆಗೆದೆ.
ಪುಸ್ತಕವಿಡೀ ಹುಡುಕಿದೆ, ಪರಿವಿಡಿ, ಉಪಶೀರ್ಷಿಕೆ, ಚಿತ್ರದಡಿ.
ಎರಡೂ ಕಣ್ಣು ಒಂದೇ ಬದಿಗಿರುವ ಆ ಚಪ್ಪಟೆ ಮೀನು
ಎಲ್ಲೂ ಇಲ್ಲ.
ಫೆರಿ ಹೊರಡುವ ಹೊತ್ತು. ರಬ್ಬರ್ ಚೀಲಕ್ಕೆ ಹಾಕಿದೆ.

ಮಾರ್ಚಿನ ತಪಾಸಣೆಯ ಪಟ್ಟಿಯಲ್ಲೊಂದು ಕಾಲಂ:
ಹಾಳಾದ ಪುಸ್ತಕಗಳು.
ಸೊನ್ನೆ ಎಂದು ಬರೆದೆ.
ಆ ವೇಳೆಗೆ ಇನ್ನೊಂದು ಕೈಬರಹ ಸೇರಿತ್ತು,
ಅಕ್ಷರದ ಸಾಲು ತಪ್ಪಿ, ಹಕಾರದ ಕೆಳಗೆ, ಓರೆಯಾಗಿ:
ಮರುವಾಯಿ — ನೋಡಿ: ನೌಫಲನ ಹಿಮ್ಮಡಿ, ಎಡಗಾಲು.