ಚಿಲ್ಲರೆ ಒಳಗೆ ಬಿಡುವುದಿಲ್ಲ

ಮೂರನೇ ಗೇಟಿನಲ್ಲಿ ಮೊದಲು ಕಿತ್ತುಕೊಂಡದ್ದು
ಮಗಳ ನೀರಿನ ಬಾಟಲಿ.
ಆಮೇಲೆ ಡಬ್ಬಿ: ನಾಲ್ಕು ಇಡ್ಲಿ, ಎಣ್ಣೆ ಕಲಸಿದ ಚಟ್ನಿಪುಡಿ,
ಒಸರದಂತೆ ಬಾಳೆಲೆ ಸುತ್ತಿ ಕೊಟ್ಟಿದ್ದಳು ಇವಳಮ್ಮ.
ಆಮೇಲೆ ನನ್ನ ಜೇಬು ತಟ್ಟಿದ, ಅದು ಝಣ್ ಎಂದಿತು.
"ಕಾಕಾ, ಚಿಲ್ಲರೆ ಒಳಗೆ ಬಿಡುವುದಿಲ್ಲ."
ಎಸೆದರೆ ಆಟಗಾರನ ತಲೆ ಒಡೆಯುತ್ತದಂತೆ
ನನ್ನ ಐದರ ನಾಣ್ಯ.

ಇಪ್ಪತ್ತೆಂಟು ವರ್ಷ, ಫೋರ್ಟಿನ ಹೋಟೆಲಿನ ಗಲ್ಲಾದಲ್ಲಿ,
ಚಿಲ್ಲರೆ ಕೊಡಿ ಚಿಲ್ಲರೆ ಕೊಡಿ ಎಂದೇ ಸವೆದ ಗಂಟಲು ನನ್ನದು.
ಪ್ಲಾಸ್ಟಿಕ್ ಬಕೆಟು ತೋರಿಸಿ ಸುರಿಯಿರಿ ಎಂದ ಹುಡುಗ.
ಎಣಿಸದೆ!
ನಲವತ್ತೇಳು ರೂಪಾಯಿ.
ಬೀಳಿಸುತ್ತಲೇ ಎಣಿಸಿತು ಕೈ, ನಾನಲ್ಲ.

ಒಳಗೆ ಹಸಿರು.
ಇಷ್ಟೊಂದು ಹಸಿರನ್ನು ಎಲ್ಲಿ ಮುಚ್ಚಿಟ್ಟಿತ್ತೋ ಈ ಊರು.
ಟಿಕೇಟು ಪುಕ್ಕಟೆ, ದಿನಾ ಎರಡು ಕಾಫಿ ಕುಡಿಯುವ
ಷೇರು ದಲ್ಲಾಳಿ ಧರಮ್‌ಸೀ ಭಾಯಿ ಕೊಟ್ಟದ್ದು.
ಪುಕ್ಕಟೆ ಎಂದರೇನೆಂದು ನಾಲ್ಕನೇ ಓವರಿಗೆ ತಿಳಿಯಿತು:
ಸಮೋಸಾ ಜೋಡಿ ನೂರೈವತ್ತು.

ಮೈದಾ ಹಿಡಿದೆ, ಬಟಾಟೆ ಹಿಡಿದೆ, ಎಣ್ಣೆ, ಗ್ಯಾಸು,
ಭಟ್ಟಿಯವನ ಕೂಲಿ, ಇಲಿ ತಿಂದದ್ದು, ಪೊಲೀಸು ತಿಂದದ್ದು,
ಎಲ್ಲ ಹಿಡಿದರೂ ಇಪ್ಪತ್ತೆರಡು ದಾಟಲಿಲ್ಲ.
ಉಳಿದದ್ದು ಹಸಿರಿಗಿರಬೇಕು.
ಗೋಡೆಯಾಚೆ ಚರ್ಚ್‌ಗೇಟಿನ ಲೋಕಲ್ಲು
ಏನೂ ಕೊಳ್ಳದೆ ಹಾದುಹೋಯಿತು.

ನೀರು ಮಾರುವವನ ಬೆನ್ನಿಗೂ ನಂಬರು, ಇನ್ನೂರ ಹದಿನಾಲ್ಕು.
ಗ್ಲಾಸಿಗೆ ನೂರು. ನಿನಗೆಷ್ಟಪ್ಪ ಅದರಲ್ಲಿ?
ನಾಲ್ಕು, ಎಂದ.
ನಾಲ್ಕಕ್ಕೆ ನಾಣ್ಯ ಬೇಕಲ್ಲೋ, ಒಳಗಿಲ್ಲವಲ್ಲ?
ನಕ್ಕ. ಅದನ್ನು ರಾತ್ರಿ ಹೊರಗೆ ಕೊಡುತ್ತಾರೆ, ಕೊಟ್ಟರೆ.

ಹದಿನೇಳನೇ ಓವರಿಗೆ ಮಾನಸಿಯ ತುಟಿ ಒಣಗಿತ್ತು.
ಕೇಳಲಿಲ್ಲ ಅವಳು. ಹನ್ನೊಂದು ವರ್ಷ,
ಗಲ್ಲಾದವನ ಮಗಳು, ಫಲಕ ಓದಿ ಬಾಯಿ ಮುಚ್ಚಿದ್ದಳು.
ಅದನ್ನು ನೋಡಲಾಗದೆ ಕೊಂಡೆ.
ಆಗಲೇ ಸಿಕ್ಸರು. ಇಡೀ ಸ್ಟ್ಯಾಂಡು ಎದ್ದಿತು,
ಯಾರದೋ ಮೊಣಕೈ, ಅರ್ಧ ಗ್ಲಾಸು ಚೆಲ್ಲಿ
ಐವತ್ತು ರೂಪಾಯಿ ಕಾಂಕ್ರೀಟಿನ ಮೆಟ್ಟಿಲು ಇಳಿಯಿತು,
ಒಂದೊಂದೇ, ಏನೂ ಅವಸರವಿಲ್ಲದೆ.
ಹೊಡೆದವರು ಯಾರೆಂದು ನನಗಿನ್ನೂ ಗೊತ್ತಿಲ್ಲ.

ಹೊರಗೆ ಬಾಟಲಿಗಳ ಗುಡ್ಡ.
ಬೆಕ್ಕಿನ ಸ್ಟಿಕ್ಕರು ಅಂಟಿಸಿದ ತನ್ನದನ್ನು ಹುಡುಕಿದಳು.
ಬಕೆಟು ಆಗಲೇ ಇರಲಿಲ್ಲ.

ಸೇತುವೆಯ ಮೆಟ್ಟಿಲಲ್ಲಿ ಥರ್ಮೋಕೋಲಿನ ಪೆಟ್ಟಿಗೆ,
ಪಕ್ಕದಲ್ಲಿ ಕಾಲು ಚಾಚಿ ಕೂತವಳು. ಬಾಟಲಿಗೆ ಹತ್ತು.
ನನ್ನಲ್ಲಿ ಐನೂರರ ನೋಟು.
ಫೋನು ಸತ್ತಿತ್ತು, ಇಡೀ ಆಟ ಅದರೊಳಗೆ ತುಂಬಿಸಿದ್ದಳು ಮಗಳು.
ಸುಟ್ಟೆ ನಾಹೀತ್ ಎಂದಳು, ಚಿಲ್ಲರೆ ಅವಳಲ್ಲೂ ಇಲ್ಲ.
ನೋಟನ್ನೂ ನೋಡಿದಳು, ತುಟಿಯನ್ನೂ ನೋಡಿದಳು,
ನಾಳೆ ಕೊಡಿ ಎಂದು ಮಾನಸಿಯ ಕೈಗೆ ಬಾಟಲಿ ಇಟ್ಟಳು.

ನನ್ನ ತಲೆಯ ಮೇಲೊಂದು ಹಲಗೆ ತೂಗುತ್ತದೆ ಹೋಟೆಲಿನಲ್ಲಿ:
ಇಂದು ನಗದು, ನಾಳೆ ಉದ್ರಿ.
ಆ ನಾಳೆಯನ್ನು ಈವರೆಗೆ ಯಾರಿಗೂ ಕೊಟ್ಟವನಲ್ಲ ನಾನು.

ಮರುದಿನ ಬಾಗಿಲು ಹಾಕಿ ಹೋದೆ. ಮೆಟ್ಟಿಲು ಖಾಲಿ.
ಮೂರನೇ ದಿನವೂ ಖಾಲಿ.
ಪಂದ್ಯ ಇದ್ದಾಗ ಮಾತ್ರ ಬರ್ತಾಳೆ ಎಂದ ಪಾನಿನವನು,
ಹೆಸರು ಅವನಿಗೂ ಗೊತ್ತಿಲ್ಲ.

ಈಗ ಡ್ರಾಯರಿನ ಮೂಲೆಯಲ್ಲಿ ಹತ್ತರ ನಾಣ್ಯವೊಂದು ಬೇರೆ ಕೂತಿದೆ.
ದಿನಾ ರಾತ್ರಿ ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚು.
ಧಣಿಗಳು ಕನ್ನಡಕ ಇಳಿಸಿ ನನ್ನನ್ನೇ ನೋಡುತ್ತಾರೆ.
ಇರಲಿ ಬಿಡಿ ಎನ್ನುತ್ತೇನೆ,
ಮುಂದಿನ ಪಂದ್ಯ ಹದಿನೆಂಟಕ್ಕೆ.