ಅಪ್ಪ ಮಲಗ್ಯಾನ

ಮುಂಜಾನಿ ಆರಕ್ಕ ಅವ ಬರ್ತಾನ.
ಸೀಟಿ ಗೂಟಕ್ಕ, ಬಡಗಿ ಮೂಲಿಗಿ.
ಗೇಟಿನ ಬಾಜು ನಮ್ಮದೊಂದೇ ಖೋಲಿ,
ಕಾಲು ಚಾಚಿದ್ರ ಒಲಿ, ಕೈ ಚಾಚಿದ್ರ ಬಾಗಲ,
ಅಷ್ಟರಾಗೇ ಬಿದ್ದು ನಿದ್ದಿ ಹೋಗ್ತಾನ.
ಇಡೀ ಅಪಾರ್ಟ್‌ಮೆಂಟಿನ ನಿದ್ದಿ ಕಾದವಗ
ಹಗಲೆಲ್ಲಾ ನಾನು ಕಾವಲು.

ಮಗಳಿಗಿ ಆರು ವರ್ಷ, ಮಗನಿಗಿ ಎರಡೂವರಿ.
ಮಗ್ಗಿ ಒದರಬ್ಯಾಡ, ತಾಟು ಬಡೀಬ್ಯಾಡ,
ಅಳೋದಿದ್ರ ಹೊರಗ ಬಂದು ಅಳು.
ಪಿಸುಪಿಸು ಬೈದು ಬೈದು
ನನಗ ಬೈಯೋದೇ ಮರ್ತು ಹೋಗ್ಯಾದ.

ಕನ್ನಡ ಕಲ್ತದ್ದೂ ಹಿಂಗೇ, ಪಿಸುಮಾತಿನಾಗ,
ಮೆಟ್ಟಲ ಮ್ಯಾಲ ಕುಂತು,
ಮಗಳ ಪುಸ್ತಕ ತೊಡಿ ಮ್ಯಾಲಿಟ್ಟು.
ಅ ಅಂದ್ರ ಅರಸ, ಆ ಅಂದ್ರ ಆನಿ.
ಳ ಮಾತ್ರ ಇನ್ನಾ ನಾಲಿಗಿಗಿ ಹತ್ತಿಲ್ಲ.
"ಬಾಲೆಹಣ್ಣು ಅಲ್ಲ ಯವ್ವಾ, ಬಾಳೆ, ಬಾ-ಳೆ,"
ನನ್ನ ಗದ್ದ ಹಿಡ್ದು ತಿದ್ತಾಳ.

ಯವ್ವಾ ಅಂತಾಳ.
ಮದಲ ಇಜಾ ಅಂತಿದ್ಳು, ನಮ್ಮ ಕಡಿ ಹಂಗೇ ಕರೀತಾರ.
ಯಾವ ದಿನ ಬಿಟ್ಳೋ ನಾ ನೋಡ್ಲಿಲ್ಲ.
ಹಾಲಹಲ್ಲು ಬಿದ್ದ ದಿನ ಬರ್ದಿಟ್ಟೀನಿ,
ಇದು ಬರ್ದಿಲ್ಲ.

ಸಾಲ್ಯಾಗ ಅಕಿ ಕೌಶಿಲಾ ಹೋಗಿ ಕೌಶಲ್ಯ ಆಗ್ಯಾಳ.
ನಳದ ಬಲ್ಲಿ ನಾನು ಬಹಾದ್ದೂರನ ಹೆಂಡತಿ.
ನನ್ನ ಹೆಸರು ಧನಸರಾ.
ಅವಂದೂ ಬಹಾದ್ದೂರ ಅಲ್ಲ.
ಮಹೆಬೂಬಿ ಒಬ್ಬಾಕಿ ಕೇಳಿದ್ಳು ಒಂದಿನ,
ಕೇಳಿ, ತನ್ನ ಕೊಡ ಹಿಂದ ಸರಿಸಿ
ನನ್ನ ಕೊಡ ಮುಂದಿಟ್ಳು.

ಹನ್ನೆರಡಕ್ಕ ಪರಸಿ ಕಲ್ಲು ರೊಟ್ಟಿ ಹಂಚು.
ಬೇವಿನ ಗಿಡದ ನೆಳ್ಳು ಎತ್ತ ಸರೀತದೋ ಅತ್ತ ಸರೀತೀವಿ ಮೂವರೂ.
ನೆಳ್ಳು ಗ್ವಾಡಿ ಏರಿತಂದ್ರ
ಜೇವರ್ಗಿ ರಸ್ತೆದ ಎಟಿಎಂ ಒಳಗ.
ರೊಕ್ಕ ಇಲ್ಲ, ಕಾರ್ಡು ಅದ.
ಯಾರಾರ ಬಂದ್ರ ಬಟನ್ ಒತ್ತಿದಂಗ ಮಾಡ್ತೀನಿ.
ಮಗಾ ಅಂಗಿ ಎತ್ತಿ, ಹೊಟ್ಟಿ ಗಾಜಿಗಿ ಹಚ್ಚಿ
ತಂಪ ಕುಡೀತಾನ.

"ನಿಮ್ಮೂರಾಗ ಬರಫ್ ಬೀಳ್ತದಂತ?"
ಎರಡನೇ ಮಾಳಿಗಿ ಶಿವಕಾಂತಮ್ಮ ಕೇಳಿದ್ರು ಮೊನ್ನಿ,
ನಾ ಅವರ ಭಾಂಡಿ ತಿಕ್ಕೂ ಮುಂದ.
ಮಗಳ ಕಿವಿಗಿ ಬಿತ್ತು. ಮುಗೀತು.
ಬರಫ್ ಹೆಂಗ ಬೀಳ್ತದ? ಗಿಡದಿಂದ ಬೀಳ್ತದೇನು? ಪೆಟ್ಟು ಹತ್ತಂಗಿಲ್ಲೇನು?
ಅವರ ಫ್ರಿಜ್ಜಿನ ಒಳಗ್ವಾಡಿಗಿ ಹತ್ತಿದ ಬೆಳ್ಳನ ಪುಡಿ
ಚಮಚದಲೆ ಕೆರದು ಅಕಿ ಅಂಗೈಗಿ ಹಾಕಿದೆ.
"ನೋಡು, ಇದೇ ಹಿಉಂ. ಅಚ್ಛಾಮದಾಗ
ನಿಮ್ಮಜ್ಜಿ ಮನಿ ಮ್ಯಾಲಿನ ಗುಡ್ಡಕ್ಕ
ಇದು ಮುಗಲಿಂದ ಬೀಳ್ತದ. ರಾತ್ರೆಲ್ಲಾ ಬೀಳ್ತದ.
ಸಪ್ಪಳೇ ಆಗಂಗಿಲ್ಲ."

ನೆಕ್ಕಿದ್ಳು. "ಸಕ್ರಿ ಹಾಕಿಲ್ಲ."
ಆಮ್ಯಾಲ, ದನಿ ಇಳಿಸಿ,
ಖೋಲಿ ಬಾಗಲದಾಗ ನಿಂತಾಗ ಇಳಿಸ್ತಾಳಲ್ಲ, ಹಂಗ:
"ಅಲ್ಲಿ ಯಾರ ಮಲಗ್ಯಾರ?"

ನನಗ ಜವಾಬು ಸಿಗಲಿಲ್ಲ.
ಅಷ್ಟರಾಗ ಗುಡ್ಡ ಕರಗಿ
ಅಕಿ ಮೊಣಕೈ ತನಕ ಇಳೀತು.

ಐತವಾರ ಅಜ್ಜಿ ಫೋನಿನಾಗ ಅರ್ಧ ತಾಸು ಮಾತಾಡ್ತಾಳ.
ಮಗಳು ಹೂಂ ಅಂತಾಳ. ಹೂಂ ಎರಡೂ ಕಡಿ ಒಂದೇ.
ಅಜ್ಜಿಗಿ ಖುಷಿ: ಕೂಸಿಗಿ ಎಲ್ಲಾ ತಿಳೀತದ.
ನಾ ಏನೂ ಹೇಳಂಗಿಲ್ಲ.

ಸಂಜಿ ಆರು. ಒಳಗ ಒಂದು ಕೆಮ್ಮು.
"ಅಪ್ಪಾ ಎದ್ದಾನಾ!"
ಮೂರೂ ಮಾಳಿಗಿಗಿ ಕೇಳೂ ಹಂಗ.
ಎರಡರ ಮಗ್ಗಿ ಒದರ್ತಾಳ ಮಗಳು,
ಮಗಾ ತಾಟು ಬಡೀತಾನ,
ನಡುವ ಬಿದ್ದು ಅಳ್ತಾನ, ಮುಂಜಾನಿದೂ ಸೇರಿಸಿ ಅಳ್ತಾನ.
ಅವ ಮಾರಿ ತೊಳ್ಕೊಂಡು ಚಹಾ ಕೇಳ್ತಾನ,
ಇಷ್ಟ್ಯಾಕ ಗದ್ದಲ ಅಂತ ನಗ್ತಾನ.

ನಾನು ಜ್ವಾಳದ ಹಿಟ್ಟು ನಾದ್ತೀನಿ.
ಮದಲ ರೊಟ್ಟಿ ಬಡೀಲಿಕ್ಕ ಬರ್ತಿರಲಿಲ್ಲ, ಅಂಚು ಹರೀತಿತ್ತು.
ಈಗ ಬರ್ತದ.
ಜೋರ್ಲೆ ಬಡೀತೀನಿ,
ಬೇಕಾದ್ದಕ್ಕಿಂತ ಜೋರ್ಲೆ.